ಬಿಡುವಿನ ಕೈಗೆಲಸ: ಸಾಸಿವೆಯಷ್ಟು ಡಯಲು

ಒಗ್ಗರಣೆ ಡಬ್ಬಿಯಿಂದ ಒಂದು ಸಾಸಿವೆ ಕಾಳನ್ನು ತೆಗೆದು ಬಿಳಿಯ ಕಾಗದದ ಮೇಲಿಡಿ. ಅದರ ಪಕ್ಕದಲ್ಲಿ ಒಂದು ರಾಗಿ ಕಾಳನ್ನೂ ಇಡಿ. (ಧಾರವಾಡದ ಕಡೆಯವರು ಕ್ಷಮಿಸಬೇಕು, ಜೋಳದ ಕಾಳು ಈ ಕೆಲಸಕ್ಕೆ ತೀರ ದೊಡ್ಡದು.) ಈ ಸಲದ ಕೈಗೆಲಸವೆಲ್ಲ ಈ ಎರಡು ಕಾಳುಗಳ ಗಾತ್ರದೊಳಗೇ ನಡೆಯತಕ್ಕದ್ದು.

ವಿಷಯವನ್ನು ಹೇಳಿಬಿಡುತ್ತೇನೆ. ಪ್ಲಾಸ್ಟಿಕ್ಕಿನ ಬಿಡಿಭಾಗಗಳನ್ನು ಅಂಟಿಸಿ ವಿಮಾನದ ಮಾದರಿ ಮಾಡುವ ಹವ್ಯಾಸ ನಮ್ಮ ಎಷ್ಟೋ ಮನೆಗಳನ್ನು ಹೊಕ್ಕಿದೆ. ರೆಕ್ಕೆ, ಬಾಲ, ಚಕ್ರಗಳೆಲ್ಲ ಕೂಡಿ ಬಣ್ಣವೂ ಮುಗಿದ ಮೇಲೆ ನೋಡುವವರ ಕಣ್ಣು ಹೋಗುವುದು ಮಾತ್ರ ಒಂದೇ ಕಡೆಗೆ. ಪಾರದರ್ಶಕ ಮುಚ್ಚಳದ ಕೆಳಗೆ ಚಾಲಕ ಕೂಡುವ ಗೂಡು, ಅಂದರೆ ಕಾಕ್‌ಪಿಟ್. ಅಲ್ಲಿ ಕಿಟ್ಟಿನವರು ಕೊಟ್ಟದ್ದು ಬಹುತೇಕ ಒಂದು ಮೊಂಡು ಕುರ್ಚಿ, ನಾಲ್ಕು ಉಬ್ಬುಗಳಿರುವ ಒಂದು ಹಲಗೆ. ಅದನ್ನು ಸರಿಪಡಿಸಲೆಂದು ಈಗ ಹಿತ್ತಾಳೆಯ ತಗಡಿನಲ್ಲಿ ಕೊರೆದ ಅತಿ ಸಣ್ಣ ಭಾಗಗಳು ಸಿಗುತ್ತವೆ. ಫೋಟೋ ಎಚ್ಚಿಂಗ್ ಎಂದು ಇದಕ್ಕೆ ಹೆಸರು. ಚೆಕ್ ದೇಶದಲ್ಲಿ ೧೯೮೯ರಲ್ಲಿ ಆರಂಭವಾದ ಎಡುವಾರ್ಡ್ ಸಂಸ್ಥೆಯ ತಗಡುಗಳು ಇವುಗಳಲ್ಲಿ ಹೆಚ್ಚು ಪ್ರಸಿದ್ಧ.

"ಮುಚ್ಚಳ ಮುಚ್ಚಿದ ಮೇಲೆ ಅದು ಯಾರಿಗೆ ಕಾಣುತ್ತದೆ?" ಎಂಬ ಪ್ರಶ್ನೆ ಅಡಿಗೆಮನೆಯ ಕಡೆಯಿಂದ ಬಂದೇ ಬರುತ್ತದೆ. ಪ್ರಶ್ನೆ ನ್ಯಾಯವಾದದ್ದು. ಹಿತ್ತಾಳೆಯ ತಗಡಿನ ಬೆಲೆ ಕೆಲವೊಮ್ಮೆ ಕಿಟ್ಟಿನ ಬೆಲೆಯ ಸಮೀಪಕ್ಕೇ ಬರುವುದುಂಟು. ಅದರೊಳಗಿನ ಅರ್ಧ ಭಾಗಗಳು ನಿಜವಾಗಿಯೂ ಯಾರ ಕಣ್ಣಿಗೂ ಬೀಳುವುದಿಲ್ಲ. ಆ ಅರ್ಧವನ್ನು ನಾನೂ ಬಿಟ್ಟುಬಿಡುತ್ತೇನೆ. ಆದರೆ ಚಾಲಕನ ಮುಖದೆದುರಿನ ಆರು ಡಯಲುಗಳನ್ನು ಮಾತ್ರ, ಕಾಣಲಿ ಬಿಡಲಿ, ಸರಿಯಾಗಿ ಮಾಡಬೇಕೆಂಬುದು ನನ್ನ ಹಟ. ಕಾರಣವನ್ನು ಕೆಳಗೆ ಹೇಳುತ್ತೇನೆ. ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು.

ಉದಾಹರಣೆಗೆ ಸ್ಪಿಟ್‌ಫೈರ್ ವಿಮಾನವನ್ನು ತೆಗೆದುಕೊಳ್ಳೋಣ. ಇಂಗ್ಲೆಂಡಿನಲ್ಲಿ ಆರ್. ಜೆ. ಮಿಚೆಲ್ ರೂಪಿಸಿದ ಈ ಯುದ್ಧವಿಮಾನ ಮೊದಲು ಹಾರಿದ್ದು ೧೯೩೬ರ ಮಾರ್ಚ್ ೫ರಂದು. ಮುಂದಿನ ವರ್ಷವೇ ಮಿಚೆಲ್ ತೀರಿಕೊಂಡ. ವಿಮಾನವಾದರೋ ೨೦,೦೦೦ಕ್ಕೂ ಮೇಲ್ಪಟ್ಟು ತಯಾರಾಯಿತು. ನಮ್ಮ ವಾಯುದಳದವರೂ ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಇದನ್ನು ಹಾರಿಸಿದರು, ೧೯೪೭ರ ಕಾಶ್ಮೀರದ ಕಾಳಗದಲ್ಲಿಯೂ ಹಾರಿಸಿದರು. ದಿಲ್ಲಿಯ ವಾಚಕರು ಪಾಲಂನ ವಾಯುದಳ ವಸ್ತುಸಂಗ್ರಹಾಲಯಕ್ಕೆ ಹೋದರೆ ನಿಜವಾದ ಸ್ಪಿಟ್‌ಫೈರನ್ನು ನೋಡಬಹುದು. ಕಿಟ್‌ಗಳಂತೂ ಬೇಕಾದಷ್ಟಿವೆ, ಹಿತ್ತಾಳೆಯ ಭಾಗಗಳೂ ಇದಕ್ಕೆ ಸಿಕ್ಕಷ್ಟು ಬೇರೆ ಯಾವುದಕ್ಕೂ ಸಿಗಲಾರವು.

ಈಗ ಸ್ವಲ್ಪ ಲೆಕ್ಕ. ಸ್ಪಿಟ್‌ಫೈರಿನ ರೆಕ್ಕೆಯ ಹರವು ಸುಮಾರು ೧೧.೨ ಮೀಟರು. ೪೮ರಲ್ಲಿ ಒಂದು ಪಾಲಿಗೆ ಇಳಿಸಿದರೆ ೨೩ ಸೆಂಟಿಮೀಟರಿಗೆ ತುಸು ಹೆಚ್ಚು. ೭೨ರಲ್ಲಿ ಒಂದು ಪಾಲಿಗೆ ಇಳಿಸಿದರೆ ಹದಿನೈದೂವರೆ ಸೆಂಟಿಮೀಟರು. ವಿಮಾನದ ಸಾಮಾನ್ಯ ಡಯಲೊಂದರ ಅಡ್ಡಗಲ ಸುಮಾರು ೮೦ ಮಿಲಿಮೀಟರು. ಅದು ೪೮ರ ಪಾಲಿನಲ್ಲಿ ೧.೭ ಮಿಲಿಮೀಟರು, ಅಂದರೆ ನಿಮ್ಮ ಸಾಸಿವೆ. ೭೨ರ ಪಾಲಿನಲ್ಲಿ ೧.೧ ಮಿಲಿಮೀಟರು, ಅಂದರೆ ನಿಮ್ಮ ರಾಗಿ. ಈ ಕಾಳಿನ ಮೇಲೆ ಅಂಕಿ, ಗೆರೆ, ಮುಳ್ಳು ಎಲ್ಲ ಕೂಡಬೇಕು.

ಪ್ಲಾಸ್ಟಿಕ್ಕಿಗೆ ಇಲ್ಲಿ ಶಕ್ತಿ ಸಾಲದು. ಅಚ್ಚಿನೊಳಗೆ ಕರಗಿದ ಪ್ಲಾಸ್ಟಿಕ್ ಹರಿದು ತುಂಬಬೇಕಾದರೆ ಭಾಗ ಒಂದಿಷ್ಟು ದಪ್ಪವಿರಲೇಬೇಕು. ಅರ್ಧ ಮಿಲಿಮೀಟರು ಎಂದಿಟ್ಟುಕೊಳ್ಳಿ. ನೋಡಲು ಅದು ತೆಳುವೇ. ಆದರೆ ೪೮ರಿಂದ ಗುಣಿಸಿ ನೋಡಿ: ೨೪ ಮಿಲಿಮೀಟರು, ಹೆಚ್ಚುಕಡಿಮೆ ಒಂದು ಅಂಗುಲ! ಚಾಲಕ ಒಂದು ಅಂಗುಲ ದಪ್ಪದ ಪಟ್ಟಿಯನ್ನು ಹೆಗಲಿಗೆ ಬಿಗಿದುಕೊಂಡಂತೆ ಕಾಣುತ್ತದೆ. ಕುದುರೆಗೆ ಹಾಕುವ ಜೀನಿನ ಪಟ್ಟಿಯೂ ಅಷ್ಟಿರುವುದಿಲ್ಲ. ಹಿತ್ತಾಳೆಯ ತಗಡಾದರೆ ೦.೧ ಮಿಲಿಮೀಟರು. ಗುಣಿಸಿದರೆ ೪.೮ ಮಿಲಿಮೀಟರು. ನಿಜಕ್ಕಿಂತ ಇದೂ ದಪ್ಪವೇ, ಆದರೆ ಕಣ್ಣು ಇಷ್ಟನ್ನು ಸಹಿಸಿಕೊಳ್ಳುತ್ತದೆ.

ಅಷ್ಟು ತೆಳುವಾದ ತಗಡನ್ನು ಅಷ್ಟು ಸೂಕ್ಷ್ಮವಾಗಿ ಕೊರೆಯುವ ಉಳಿ ಯಾವುದು? ಉಳಿಯೇ ಇಲ್ಲ. ಬೆಳಕು ಗೆರೆ ಎಳೆಯುತ್ತದೆ, ದ್ರಾವಣ ಕೊರೆಯುತ್ತದೆ. ಹಿತ್ತಾಳೆಯ ಎರಡೂ ಮೈಗೆ ಬೆಳಕು ತಾಗಿದರೆ ಗುಣ ಬದಲಾಗುವ ಒಂದು ಲೇಪವನ್ನು ಹಚ್ಚುತ್ತಾರೆ. ಮುಂದೊಂದು ಹಿಂದೊಂದು ಫಿಲ್ಮನ್ನು ಕೂದಲೆಳೆಯಷ್ಟೂ ತಪ್ಪದಂತೆ ಹೊಂದಿಸಿ ಅತಿನೇರಳೆ ಬೆಳಕನ್ನು ಬಿಡುತ್ತಾರೆ. ತೊಳೆದಾಗ ಬೇಡದ ಕಡೆಯ ಲೇಪ ಹೋಗಿ ಲೋಹ ಬತ್ತಲಾಗುತ್ತದೆ. ಆ ಮೇಲೆ ಫೆರಿಕ್ ಕ್ಲೋರೈಡಿನ ಕಂದು ದ್ರಾವಣವನ್ನು ಎರಚಿದರೆ ಬತ್ತಲಾದ ಲೋಹವನ್ನೆಲ್ಲ ಅದು ತಿಂದುಹಾಕುತ್ತದೆ. ಎರಡು ಮಗ್ಗುಲಿನಿಂದಲೂ ತಿಂದಲ್ಲಿ ತೂತು. ಒಂದೇ ಮಗ್ಗುಲಿನಿಂದ ತಿಂದಲ್ಲಿ ಅರ್ಧ ಆಳದ ತಗ್ಗು. ಡಯಲಿನ ಸುತ್ತ ಬಳೆಯಂತೆ ಎದ್ದು ನಿಲ್ಲುವ ಅಂಚೂ, ತಗಡನ್ನು ಮಡಿಸಲು ಇರುವ ಗೀರೂ ಈ ಅರ್ಧ ತಿಂದ ಕೆಲಸದ ಫಲವೇ. ಒಂದು ಸಂಗತಿ ಮಾತ್ರ ನೆನಪಿರಲಿ: ದ್ರಾವಣ ಕೆಳಕ್ಕೆ ಇಳಿದಂತೆ ಪಕ್ಕಕ್ಕೂ ತಿನ್ನುತ್ತದೆ. ಆದ್ದರಿಂದ ತಗಡಿನ ದಪ್ಪಕ್ಕಿಂತ ಸಣ್ಣದಾದ ತೂತನ್ನು ಅದರಲ್ಲಿ ಕೊರೆಯುವುದು ಕಷ್ಟ. ತಗಡು ತೆಳುವಾದಷ್ಟೂ ಕುಸುರಿ ಹೆಚ್ಚು.

ಇದು ಹೊಸ ವಿದ್ಯೆಯಲ್ಲ. ಇಂಗ್ಲೆಂಡಿನ ಫಾಕ್ಸ್ ಟಾಲ್ಬಟ್ ೧೮೫೨ರಲ್ಲಿ ಬೆಳಕಿನಿಂದ ಲೋಹವನ್ನು ಕೊರೆಯುವ ವಿಧಾನಕ್ಕೆ ಪೇಟೆಂಟು ಪಡೆದ. ೧೮೫೮ರ ಸುಧಾರಿಸಿದ ವಿಧಾನದಲ್ಲಿ ಇದೇ ಫೆರಿಕ್ ಕ್ಲೋರೈಡನ್ನು ಬಳಸಿದ. ನಮ್ಮಲ್ಲಿ ಹಿಂದೆ ಪತ್ರಿಕೆಗಳಿಗೆ ಚಿತ್ರ ಅಚ್ಚುಮಾಡಲು "ಬ್ಲಾಕ್ ಮಾಡಿಸುತ್ತಿದ್ದ"ದ್ದು ಹಿರಿಯ ವಾಚಕರಿಗೆ ನೆನಪಿರಬೇಕು. ಆ ಬ್ಲಾಕುಗಳೂ ಇದೇ ಕುಲದವು. ಕಲಕತ್ತೆಯಲ್ಲಿ ಈ ವಿದ್ಯೆಯನ್ನು ಸ್ವಂತ ಪ್ರಯೋಗಗಳಿಂದ ಬೆಳೆಸಿದವರು ಉಪೇಂದ್ರಕಿಶೋರ ರಾಯಚೌಧುರಿಯವರು, ಚಲನಚಿತ್ರದ ಸತ್ಯಜಿತ್ ರಾಯ್ ಅವರ ತಾತ. ಅಜ್ಜನ ಕಾಲದಲ್ಲಿ ಮುಖಚಿತ್ರ ಮಾಡಿದ ಕೈಚಳಕ ಮೊಮ್ಮಗನ ಆಟಿಕೆಯ ವಿಮಾನಕ್ಕೆ ಹೊರಳಿದೆ ಎಂದರೆ ತಪ್ಪಾಗದು. ಹಾಗೆಂದು ಮನೆಯಲ್ಲಿಯೇ ತಗಡು ಕೊರೆಯಲು ಹೊರಡಬೇಡಿ. ಆ ದ್ರಾವಣ ಕಣ್ಣಿಗೆ ಹಾನಿ, ನೆಲದ ಮೇಲೆ ಬಿದ್ದರೆ ಕಲೆ ಹೋಗದು, ಮೋರಿಗೆ ಚೆಲ್ಲುವಂತೆಯೂ ಇಲ್ಲ. ಎರಡು ಕೋಣೆಯ ಬಾಡಿಗೆಮನೆ ಅದಕ್ಕೆ ತಕ್ಕ ಸ್ಥಳವಲ್ಲ.

ಇನ್ನು ಆ ಆರು ಡಯಲುಗಳ ಮಾತು. ವಿಮಾನ ಮೋಡದೊಳಕ್ಕೆ ನುಗ್ಗಿದಾಗ ಚಾಲಕನಿಗೆ ನೆಲವಿಲ್ಲ, ಆಕಾಶವಿಲ್ಲ. ಕಿವಿಯೊಳಗೆ ತೂಕ ನೋಡುವ ದ್ರವವೊಂದಿದೆಯಷ್ಟೆ. ವಿಮಾನ ಒಂದೇ ಸಮನೆ ತಿರುಗುತ್ತಿದ್ದರೆ ಸ್ವಲ್ಪ ಹೊತ್ತಿನಲ್ಲಿ ಆ ದ್ರವವೂ ತಿರುವಿಗೆ ಒಗ್ಗಿ ಸುಮ್ಮನಾಗುತ್ತದೆ. ಆಗ ಚಾಲಕನಿಗೆ ತಾನು ನೆಟ್ಟಗೆ ಹೋಗುತ್ತಿರುವೆನೆಂದೇ ಅನಿಸುತ್ತದೆ. ನೆಟ್ಟಗಿರುವೆನೆಂದು ನಂಬಿಕೊಂಡೇ ಸುರುಳಿ ಸುತ್ತುತ್ತ ನೆಲಕ್ಕೆ ಬಿದ್ದು ಸತ್ತವರು ವಿಮಾನಯುಗದ ಮೊದಲ ದಶಕಗಳಲ್ಲಿ ಬಹಳ ಮಂದಿ. ತನ್ನ ಮೈಯನ್ನೇ ನಂಬಬಾರದು, ಎದುರಿನ ಮುಳ್ಳುಗಳನ್ನು ನಂಬಬೇಕು ಎಂಬುದನ್ನು ಮಾಡಿ ತೋರಿಸಿದವನು ಅಮೆರಿಕದ ಜೇಮ್ಸ್ ಡೂಲಿಟ್ಲ್. ೧೯೨೯ರ ಸೆಪ್ಟೆಂಬರ್ ೨೪ರಂದು ನ್ಯೂಯಾರ್ಕಿನ ಮಿಚೆಲ್ ಫೀಲ್ಡಿನಲ್ಲಿ ಅವನು ತನ್ನ ಗೂಡಿಗೆ ಬಟ್ಟೆಯ ಮುಸುಕು ಹಾಕಿಸಿಕೊಂಡು, ಹೊರಗಿನದೇನೂ ಕಾಣದಂತೆ ಕುಳಿತು, ನೆಲ ಬಿಟ್ಟು ಹಾರಿ, ಸುತ್ತಿ, ಮತ್ತೆ ನೆಲಕ್ಕಿಳಿದ. ಕಾಪಿಗೆ ಇನ್ನೊಬ್ಬ ಚಾಲಕ ಮುಂದಿನ ಗೂಡಿನಲ್ಲಿದ್ದ. ಡೂಲಿಟ್ಲನ ಮುಂದೆ ಇದ್ದ ಹೊಸ ಉಪಕರಣಗಳು ಸ್ಪೆರಿಯ ಕೃತಕ ದಿಗಂತ, ದಿಕ್ಕು ತೋರಿಸುವ ಗೈರೊ, ಕೋಲ್ಸ್‌ಮನ್ನನ ಸೂಕ್ಷ್ಮ ಎತ್ತರಮಾಪಕ.

ಆ ವಿದ್ಯೆಯೇ ಬ್ರಿಟನ್ನಿನ ವಾಯುದಳದಲ್ಲಿ ೧೯೩೦ರ ದಶಕದ ಕೊನೆಯ ಹೊತ್ತಿಗೆ ಒಂದು ನಿಯತ ಫಲಕವಾಯಿತು. ಮೇಲಿನ ಸಾಲಿನಲ್ಲಿ ಎಡದಿಂದ ವೇಗಮಾಪಕ, ಕೃತಕ ದಿಗಂತ, ಏರಿಳಿತದ ಮಾಪಕ. ಕೆಳಗಿನ ಸಾಲಿನಲ್ಲಿ ಎತ್ತರಮಾಪಕ, ದಿಕ್ಕಿನ ಗೈರೊ, ತಿರುವು ಮತ್ತು ಜಾರಿಕೆಯ ಮಾಪಕ. ಸ್ಪಿಟ್‌ಫೈರಿನಲ್ಲಿ ಕುಳಿತರೂ ಇದೇ ಕ್ರಮ, ಹರಿಕೇನಿನಲ್ಲಿ ಕುಳಿತರೂ ಇದೇ, ನಾಲ್ಕು ಎಂಜಿನಿನ ಲ್ಯಾಂಕಾಸ್ಟರಿನಲ್ಲಿ ಕುಳಿತರೂ ಇದೇ. ವಿಮಾನ ಬದಲಾದರೂ ಕಣ್ಣು ಹುಡುಕಬೇಕಾಗಿಲ್ಲ. ನಮ್ಮ ತಾಯಂದಿರು ಕತ್ತಲಲ್ಲಿಯೂ ಮಸಾಲೆ ಡಬ್ಬಿಯಲ್ಲಿ ಅರಿಸಿನವನ್ನೂ ಜೀರಿಗೆಯನ್ನೂ ತಡವರಿಸದೆ ತೆಗೆಯುವಂತೆ. ಈ ಆರು ಡಯಲುಗಳುಳ್ಳ ಭಾಗವನ್ನು ನಡುಗದಿರಲೆಂದು ರಬ್ಬರಿನ ಗುಬುಟುಗಳ ಮೇಲೆ ಬೇರೆಯಾಗಿಯೇ ಕೂಡಿಸಿರುತ್ತಿದ್ದರು. ಒಳ್ಳೆಯ ಹಿತ್ತಾಳೆಯ ತಗಡಿನಲ್ಲಿ ಆ ಭಾಗ ಪ್ರತ್ಯೇಕವಾಗಿ ಎದ್ದು ಕಾಣುತ್ತದೆ. ಕಾಣದಿದ್ದರೆ ತಗಡು ಕೊಳ್ಳುವ ಮುಂಚೆ ಎರಡು ಸಲ ಯೋಚಿಸಿ. ಕಾಣುವುದೋ ಇಲ್ಲವೋ ಎಂಬ ವಾದವನ್ನು ನಾನು ಈ ಆರರ ವಿಷಯದಲ್ಲಿ ಬಿಟ್ಟುಬಿಡುವುದು ಇದಕ್ಕಾಗಿ. ಇಪ್ಪತ್ತು ಇಪ್ಪತ್ತೆರಡು ವರ್ಷದ ಹುಡುಗರು ಈ ಆರು ಮುಳ್ಳುಗಳನ್ನು ನಂಬಿಕೊಂಡು ಮೋಡದಿಂದ ಕೆಳಗಿಳಿದಿದ್ದಾರೆ.

ಮಾಡುವ ಬಗೆ ಹೀಗೆ. ಫಲಕವೆಂದರೆ ಮೂರು ಪದರದ ಚಕ್ಕುಲಿ ಎನ್ನಿ, ಅಲ್ಲ, ಹೋಳಿಗೆ ಎನ್ನಿ: ಮುಂದೆ ತೂತುಗಳಿರುವ ಹಿತ್ತಾಳೆ, ನಡುವೆ ಡಯಲುಗಳ ಮುಖ ಅಚ್ಚಾಗಿರುವ ಪಾರದರ್ಶಕ ಫಿಲ್ಮು, ಹಿಂದೆ ಪ್ಲಾಸ್ಟಿಕ್ಕಿನ ಹಲಗೆ. ಫಿಲ್ಮಿನ ಮೇಲೆ ಕಪ್ಪು ಅಚ್ಚಾಗಿರುತ್ತದೆ, ಅಂಕಿಗಳ ಜಾಗ ಬರಿದಾಗಿರುತ್ತದೆ. ಅದರ ಬೆನ್ನಿಗೆ ಬಿಳಿ ಬಣ್ಣ ಬಳಿದರೆ ಮುಂದಿನಿಂದ ಅಂಕಿಗಳು ಬೆಳ್ಳಗೆ ಮೂಡುತ್ತವೆ. ಕನ್ನಡಿಗೆ ಪಾದರಸ ಬಳಿದಂತೆಯೇ ಇದು. ಈಗ ಬಣ್ಣ ಹಾಕಿಯೇ ಮಾರುವ ಹಿತ್ತಾಳೆಯ ಫಲಕಗಳೂ ಬಂದಿವೆ, ಪೋಲೆಂಡಿನ ಯಾಹು ಎಂಬುವರದು ಮುಚ್ಚಳ ತೆಗೆದ ಔಷಧದ ಡಬ್ಬಿಯಂತೆ ನೇರವಾಗಿ ಬಳಕೆಗೆ ಸಿದ್ಧ. ಬಿಡುವಿಲ್ಲದವರಿಗೆ ಅದೇ ವಾಸಿ. ನನಗೆ ಹಳೆಯ ಹೋಳಿಗೆಯ ಪದ್ಧತಿಯೇ ಇಷ್ಟ, ಏಕೆಂದರೆ ಅದರಲ್ಲಿ ಡಯಲು ನಿಜವಾಗಿಯೂ ಒಂದು ತಗ್ಗಿನೊಳಗೆ ಕೂತಿರುತ್ತದೆ.

ಮೊದಲು ಪ್ಲಾಸ್ಟಿಕ್ ಹಲಗೆಯ ಮೇಲಿನ ಉಬ್ಬುಗಳನ್ನು ಉಪ್ಪುಕಾಗದದಿಂದ ಉಜ್ಜಿ ನುಣ್ಣಗೆ ಮಾಡಿ. ಆ ಮೇಲೆ ಅಂಟು ಮುಟ್ಟದೆ, ಎಲ್ಲ ಪದರಗಳನ್ನೂ ಬರಿದೇ ಜೋಡಿಸಿ, ವಿಮಾನದ ಎರಡು ಮಗ್ಗುಲುಗಳನ್ನು ಮುಚ್ಚಿ ನೋಡಿ. ಮೂರು ಪದರ ಸೇರಿದಾಗ ಹಲಗೆ ಹಿಂದಿಗಿಂತ ದಪ್ಪವಾಗಿರುತ್ತದೆ. ಹೊಟ್ಟೆಯ ಸೀಳು ಮುಚ್ಚದೆ ಬಾಯಿ ಬಿಟ್ಟರೆ ಪ್ಲಾಸ್ಟಿಕ್ಕನ್ನು ಇನ್ನಷ್ಟು ಉಜ್ಜಬೇಕು. ಇದನ್ನು ಈಗಲೇ ನೋಡಬೇಕು, ಅಂಟಿಸಿದ ಮೇಲಲ್ಲ.

ಹಿತ್ತಾಳೆಗೆ ಬಣ್ಣ ಹಾಕುವುದು ಅದು ಇನ್ನೂ ತನ್ನ ಚೌಕಟ್ಟಿನಲ್ಲಿರುವಾಗಲೇ. ಅಚ್ಚ ಕಪ್ಪು ಬೇಡ. ಕಾಳಿನಷ್ಟು ವಸ್ತುವಿನ ಮೇಲೆ ಅಚ್ಚ ಕಪ್ಪು ತೂತಿನಂತೆ ಕಾಣುತ್ತದೆ. ಒಂದು ಹನಿ ಬೂದಿಬಣ್ಣ ಬೆರೆಸಿ. ಒಣಗಿದ ಮೇಲೆ ಮೆತ್ತನೆಯ ಪೆನ್ಸಿಲಿನ ಮೊನೆಯನ್ನು ಡಯಲುಗಳ ಬಳೆಯ ಮೇಲೆ ಹಗುರವಾಗಿ ಆಡಿಸಿದರೆ ಅಂಚುಗಳು ಸವೆದ ಲೋಹದಂತೆ ಮಿನುಗುತ್ತವೆ. ಇದಕ್ಕಿಂತ ಅಗ್ಗದ, ಇದಕ್ಕಿಂತ ಒಳ್ಳೆಯ ಉಪಾಯ ನಾನು ಕಂಡಿಲ್ಲ. ಫಲಕ ಕಪ್ಪು, ಗೂಡಿನ ಒಳಮೈ ಬೂದಿ ಬೆರೆತ ಹಸಿರು.

ತಗಡಿನಿಂದ ಭಾಗವನ್ನು ಬಿಡಿಸುವುದು ನೆಲಕ್ಕೆ ಹಾಸುವ ಟೈಲ್ ತುಂಡಿನ ಮೇಲೆ. ಮೆತ್ತನೆಯ ರಬ್ಬರು ಹಾಸಿನ ಮೇಲೆ ಕೊಯ್ದರೆ ತಗಡು ಬಗ್ಗುತ್ತದೆ. ಭಾಗದ ಮೇಲೆ ಒಂದು ಚೂರು ಟೇಪು ಅಂಟಿಸಿ, ಸೇತುವೆಯಂಥ ಕಿರುಕೊಂಡಿಯ ಮೇಲೆ ಬ್ಲೇಡನ್ನಿಟ್ಟು ಒತ್ತಬೇಕು, ಎಳೆಯಬಾರದು. ಉಳಿದ ಮೊಳೆಯನ್ನು ಸಣ್ಣ ಅರದಿಂದ ತಿಕ್ಕಿ. ಚಿಮುಟದಲ್ಲಿ ಬಿಗಿಯಾಗಿ ಹಿಡಿದರೆ ಭಾಗ ಚಿಮ್ಮಿಹೋಗುತ್ತದೆ (ಚಿಮುಟ ಎಂಬ ಹೆಸರು ಅದಕ್ಕೇ ಬಂದಿತೋ ಏನೋ). ತುದಿಗೆ ತುಸು ಮೇಣ ಹಚ್ಚಿದ ಹಲ್ಲುಕಡ್ಡಿಯಿಂದ ಎತ್ತುವುದು ಮೇಲು.

ಫಿಲ್ಮಿಗೆ ಫೆವಿಕ್ವಿಕ್ ಮೊದಲಾದ ಕ್ಷಣದಲ್ಲಿ ಹಿಡಿಯುವ ಅಂಟು ಮಾತ್ರ ಸರ್ವಥಾ ಸಲ್ಲದು. ಆ ಅಂಟಿನ ಆವಿ ಪಾರದರ್ಶಕ ವಸ್ತುವಿನ ಮೇಲೆ ಕೂತು ಬೂಷ್ಟು ಹಿಡಿದಂತೆ ಬೆಳ್ಳಗಾಗಿಸುತ್ತದೆ. ಹೊಳಪಿನ ವಾರ್ನಿಷು ಸಾಕು, ಇಲ್ಲವೆ ನೀರು ಬೆರೆಸಿದ ಫೆವಿಕಾಲು. ಕೊನೆಯಲ್ಲಿ ಸೂಜಿಯ ಮೊನೆಯಿಂದ ಒಂದೊಂದು ತೂತಿಗೂ ಒಂದೊಂದು ತೊಟ್ಟು ವಾರ್ನಿಷು ಬಿಟ್ಟರೆ ಅದೇ ಡಯಲಿನ ಗಾಜು. ಗುಳ್ಳೆ ಎದ್ದರೆ ಸೂಜಿಯಿಂದಲೇ ಚುಚ್ಚಿ ಒಡೆಯಿರಿ. ದೀಪದ ಕೆಳಗೆ ಓರೆಯಾಗಿ ಹಿಡಿದಾಗ ಆರು ಸಾಸಿವೆಗಳೂ ಒಟ್ಟಿಗೆ ಮಿಂಚುತ್ತವೆ. ಇದನ್ನು ಬರೆದು ತಿಳಿಸುವುದು ಕಷ್ಟ, ನೋಡಬೇಕು.

ಈ ಕೆಲಸದಲ್ಲಿ ಕುಂಚದ ಮೊನೆ ಕೂದಲಿನಂತಿರಬೇಕು. ಮೊನೆ ಕೆದರಿದಾಗ ಅದನ್ನು ತುಟಿಗಳ ನಡುವೆ ಇಟ್ಟು ಚೂಪು ಮಾಡುವ ಚಾಳಿ ಚಿತ್ರ ಬರೆಯುವವರಲ್ಲಿ ಬಹಳ. ಮಕ್ಕಳು ನೋಡನೋಡುತ್ತ ಕಲಿತುಬಿಡುತ್ತಾರೆ. ಈ ಚಾಳಿಗೆ ಡಯಲುಗಳ ಚರಿತ್ರೆಯಲ್ಲಿಯೇ ಒಂದು ದಾರುಣ ಕಥೆಯಿದೆ. ಕತ್ತಲಲ್ಲಿ ಕಾಣಲೆಂದು ಗಡಿಯಾರಗಳ ಮತ್ತು ವಿಮಾನದ ಡಯಲುಗಳ ಅಂಕಿಗಳಿಗೆ ರೇಡಿಯಂ ಬೆರೆಸಿದ ಬಣ್ಣ ಹಚ್ಚುತ್ತಿದ್ದರು. ಅಮೆರಿಕದ ನ್ಯೂಜೆರ್ಸಿಯ ಆರೆಂಜ್ ಊರಿನಲ್ಲಿ ಯುನೈಟೆಡ್ ಸ್ಟೇಟ್ಸ್ ರೇಡಿಯಂ ಕಾರ್ಪೊರೇಷನ್ನಿನ ಕಾರ್ಖಾನೆ ಇತ್ತು. ಕೆಲಸಕ್ಕೆ ಬರುತ್ತಿದ್ದವರು ಹದಿಹರೆಯದ ಹುಡುಗಿಯರು, ಎಳೆಯ ಹೆಂಗಸರು. ಕುಂಚವನ್ನು ತುಟಿಯಲ್ಲಿ ಚೂಪು ಮಾಡಿ, ಬಣ್ಣದಲ್ಲಿ ಅದ್ದಿ, ಅಂಕಿ ಬರೆಯುವುದೇ ಅವರಿಗೆ ಕಲಿಸಿದ ಪಾಠ. ಒಂದೊಂದು ಸಲಕ್ಕೂ ಒಂದಿಷ್ಟು ರೇಡಿಯಂ ಹೊಟ್ಟೆಗೆ. ಅದು ಮೈಯೊಳಗೆ ಸುಣ್ಣದ ಅಂಶದಂತೆ ನಟಿಸಿ ಎಲುಬಿನಲ್ಲಿ ಹೋಗಿ ನೆಲೆಸಿತು. ಹಲ್ಲು ಉದುರಿದವು, ದವಡೆಯ ಎಲುಬು ಕೊಳೆಯಿತು, ಎಷ್ಟೋ ಮಂದಿ ಸತ್ತರು. ಗ್ರೇಸ್ ಫ್ರೈಯರ್ ಮತ್ತು ಜೊತೆಯ ನಾಲ್ವರು ಹೆಂಗಸರು ೧೯೨೭ರಲ್ಲಿ ಮೊಕದ್ದಮೆ ಹೂಡಿದರು. ೧೯೨೮ರಲ್ಲಿ ಅದು ರಾಜಿಯಲ್ಲಿ ಮುಗಿಯಿತು. ಅಷ್ಟರಲ್ಲಿ ಆ ಐವರ ಮೈ ಚೇತರಿಸಿಕೊಳ್ಳುವ ಗಡಿಯನ್ನು ದಾಟಿತ್ತು.

ನಮ್ಮ ಬಣ್ಣದಲ್ಲಿ ರೇಡಿಯಂ ಇಲ್ಲ, ನಿಜ. ಆದರೂ ಕುಂಚವನ್ನು ಒದ್ದೆ ಬಟ್ಟೆಯ ಮೇಲೆ ಹೊರಳಿಸಿ ಚೂಪು ಮಾಡುವುದನ್ನು ಮಕ್ಕಳಿಗೆ ಮೊದಲ ದಿನದಿಂದಲೇ ಕಲಿಸಿ. ಇನ್ನೊಂದು ಎಚ್ಚರಿಕೆಯನ್ನೂ ಇಲ್ಲಿಯೇ ಹೇಳಬೇಕು. ಮುಂಬಯಿಯ ಚೋರಬಜಾರಿನಂಥ ಕಡೆ ಹಳೆಯ ಯುದ್ಧಕಾಲದ ವಿಮಾನದ ಡಯಲು ಕೈಗೆ ಸಿಕ್ಕೀತು. ಮಾದರಿಯ ಪಕ್ಕದಲ್ಲಿ ಇಡಲು ಅಂದವಾದ ವಸ್ತು. ಅದನ್ನು ಬಿಚ್ಚಬೇಡಿ, ಗಾಜು ಒಡೆದಿದ್ದರೆ ಕೊಳ್ಳಲೇಬೇಡಿ. ಕತ್ತಲಲ್ಲಿ ಹೊಳೆಯುವುದಿಲ್ಲವೆಂದು ಧೈರ್ಯ ತಾಳುವಂತಿಲ್ಲ. ಹೊಳೆಯುವ ಗುಣವಿದ್ದ ಪುಡಿ ಮಾತ್ರ ಸವೆದಿದೆ. ರೇಡಿಯಮ್ಮಿನ ಶಕ್ತಿ ಅರ್ಧಕ್ಕಿಳಿಯಲು ೧,೬೦೦ ವರ್ಷ ಬೇಕು. ಹೊಯ್ಸಳರು ಹಚ್ಚಿದ್ದರೂ ಈ ಹೊತ್ತಿಗೆ ಅರ್ಧಕ್ಕೆ ಇಳಿಯುತ್ತಿರಲಿಲ್ಲ.

ಫಲಕವಾದ ಮೇಲೆ ಹಿತ್ತಾಳೆ ನಿಜವಾಗಿ ಸಲ್ಲುವುದು ಕುರ್ಚಿಯ ಪಟ್ಟಿಗಳಿಗೆ. ಸ್ಪಿಟ್‌ಫೈರಿನಲ್ಲಿ ನಾಲ್ಕು ಪಟ್ಟಿ, ಹೆಗಲಿಗೆ ಎರಡು, ತೊಡೆಗೆ ಎರಡು. ಅವುಗಳ ತೂತುಗಳನ್ನು ಒಂದರ ಮೇಲೊಂದು ಕೂಡಿಸಿ ಕೀಲಿನಿಂದ ಬಂಧಿಸುತ್ತಿದ್ದರು. ತಗಡಿನಿಂದ ಬಿಡಿಸಿದ ಪಟ್ಟಿ ತಗಡಿನಂತೆಯೇ ಸೆಟೆದಿರುತ್ತದೆ, ಬಟ್ಟೆಯಂತೆ ಜೋಲುವುದಿಲ್ಲ. ಅದಕ್ಕೆ ಅಕ್ಕಸಾಲಿಗರ ಉಪಾಯವೇ ಮದ್ದು. ಬಣ್ಣ ಹಾಕುವ ಮೊದಲು ಚಿಮುಟದಲ್ಲಿ ಹಿಡಿದು ಗ್ಯಾಸಿನ ಸಣ್ಣ ಉರಿಯ ಮೇಲೆ ಕ್ಷಣಹೊತ್ತು ಆಡಿಸಿ. ಲೋಹದ ಬಣ್ಣ ತಿರುಗಿದೊಡನೆ ತೆಗೆದು ತಾನಾಗಿ ಆರಲು ಬಿಡಿ. ಈಗ ಅದು ಮೆತ್ತಗಾಗಿ ಹೇಳಿದ ಹಾಗೆ ಬಗ್ಗುತ್ತದೆ. ಒಂದು ಪಟ್ಟಿಯನ್ನು ಕುರ್ಚಿಯ ಅಂಚಿನಿಂದ ಹೊರಕ್ಕೆ ಇಳಿಬಿಡಿ. ಚಾಲಕ ಈಗ ತಾನೇ ಎದ್ದುಹೋದಂತಿರುತ್ತದೆ. ಬಣ್ಣ ಹಾಕಿಯೇ ಬಂದ ಪಟ್ಟಿಯನ್ನು ಮಾತ್ರ ಉರಿಗೆ ಹಿಡಿಯಬಾರದು.

ಇನ್ನುಳಿದದ್ದರಲ್ಲಿ ಬಹಳಷ್ಟನ್ನು ಬಿಡಬಹುದೆಂದು ನನ್ನ ಮತ. ತಗಡು ತಗಡೇ, ಅದರಲ್ಲಿ ಗುಂಡಗಿನದು ಹುಟ್ಟುವುದಿಲ್ಲ. ಚಾಲಕನ ಕೋಲಿನ ತುದಿಯ ದುಂಡು ಹಿಡಿಕೆಯನ್ನು ಚಪ್ಪಟೆ ಹಿತ್ತಾಳೆಯಲ್ಲಿ ಕೊಟ್ಟಿರುತ್ತಾರೆ, ನೋಡಿದರೆ ರೊಟ್ಟಿಯ ಕಂಠದಂತಿರುತ್ತದೆ. ಅದರ ಬದಲು ತಾಮ್ರದ ತಂತಿಯನ್ನು ಕಡ್ಡಿಗೆ ಸುತ್ತಿ ಕತ್ತರಿಸಿದ ಬಳೆಯೇ ಮೇಲು, ಕಿಟ್ಟಿನ ಪ್ಲಾಸ್ಟಿಕ್ಕೂ ಆದೀತು. ಸನ್ನೆಗಳ ತುದಿಯ ಗುಂಡಿಗೆ ಹಿತ್ತಾಳೆಯ ಕಡ್ಡಿಯ ಮೇಲೆ ಒಂದು ತೊಟ್ಟು ಫೆವಿಕಾಲು ಇಟ್ಟು ಒಣಗಿಸಿದರೆ ಸಾಕು. ಚಕ್ರ ಎತ್ತಿ ಇಳಿಸುವ ಸನ್ನೆ ಬಲಗಡೆಗಿತ್ತು ಎಂಬುದನ್ನು ಮರೆಯಬೇಡಿ. ನೆಲ ಬಿಟ್ಟೊಡನೆ ಚಾಲಕ ಕೋಲನ್ನು ಎಡಗೈಗೆ ಬದಲಾಯಿಸಿ ಬಲಗೈಯಿಂದ ಚಕ್ರ ಎತ್ತಬೇಕಾಗುತ್ತಿತ್ತು. ಹೊಸಬರ ವಿಮಾನ ಆ ಗಳಿಗೆಯಲ್ಲಿ ಗಾಳಿಯಲ್ಲಿ ತಲೆಯಾಡಿಸುತ್ತಿತ್ತಂತೆ. ಪಾದದ ಬಳಿಯ ಪೆಡಲುಗಳನ್ನು ಯಾವ ದೇವರೂ ನೋಡಲಾರ. ಅವು ಚೌಕಟ್ಟಿನಲ್ಲಿಯೇ ಉಳಿಯಲಿ.

ಮನೆಯವರೆಲ್ಲ ಕೂತು ಮಾಡುವುದಾದರೆ ಕೆಲಸ ಹಂಚಿಕೊಳ್ಳಿ. ಹತ್ತು ವರ್ಷದೊಳಗಿನವರ ಕೈಗೆ ಬ್ಲೇಡು, ಕ್ಷಣದಂಟು, ಉರಿ ಮೂರನ್ನೂ ಕೊಡಕೂಡದು. ಫಿಲ್ಮಿನ ಬೆನ್ನಿಗೆ ಬಿಳಿ ಬಳಿಯಲಿ, ಭೂತಗನ್ನಡಿ ಹಿಡಿದು ಯಾವ ಡಯಲು ಯಾವುದೆಂದು ಹೇಳಲಿ. ಶಾಲೆಯಲ್ಲಿ ದಿನವೆಲ್ಲ ಇಂಗ್ಲಿಷಿನಲ್ಲಿಯೋ ಮರಾಠಿಯಲ್ಲಿಯೋ ತಮಿಳಿನಲ್ಲಿಯೋ ಮಾತಾಡಿ ಬಂದ ಮಗುವಿಗೆ "ಕೃತಕ ದಿಗಂತ" ಎಂಬ ಮಾತು ಪಠ್ಯಪುಸ್ತಕದಿಂದ ಬರುವುದಿಲ್ಲ. "ಅಪ್ಪಾ, ಇದರ ಮುಳ್ಳು ಯಾವ ಕಡೆ ತಿರುಗತ್ತೆ?" ಎಂಬ ಪ್ರಶ್ನೆ ಬಂದರೆ ನಿಲ್ಲಿಸಿ ಉತ್ತರ ಹೇಳಿ, ಅಂಟು ಒಣಗಿದರೆ ಒಣಗಲಿ. ಬೇಸಿಗೆಯ ರಜೆಗೆ ಊರಿಗೆ ಹೋಗುವಾಗ ಬೆಂಗಳೂರಿನಲ್ಲಿ ಇಳಿಯುವವರು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಅಂಗಳದಲ್ಲಿರುವ ಮಾರುತ್ ವಿಮಾನದ ಕೆಳಗೆ ಮಕ್ಕಳನ್ನು ನಿಲ್ಲಿಸಬೇಕು. ೧೯೬೧ರಲ್ಲಿ ಬೆಂಗಳೂರಿನಲ್ಲಿಯೇ ಮೊದಲು ಹಾರಿದ ವಿಮಾನದ ತಳಿ ಅದು. ೪೮ರ ಪಾಲೆಂದರೆ ಎಷ್ಟು ಇಳಿಸಿದ್ದೇವೆ ಎಂಬುದು ಆಗ ಕತ್ತೆತ್ತಿ ನೋಡಿಯೇ ಅವರಿಗೆ ತಿಳಿಯುತ್ತದೆ.

ಗೂಡು ಮುಗಿದು ಮುಚ್ಚಳ ಅಂಟಿಸುವುದೂ ಫೆವಿಕಾಲಿನಿಂದಲೇ; ಆ ಆವಿಯ ಕಾಟ ಇಲ್ಲಿಯೂ ಇದೆ. ಸ್ಪಿಟ್‌ಫೈರಿನ ಮುಚ್ಚಳ ಹಿಂದಕ್ಕೆ ಜಾರುವಂಥದು, ಎಡಮಗ್ಗುಲಿನಲ್ಲಿ ಕೆಳಕ್ಕೆ ತೆರೆಯುವ ಸಣ್ಣ ಕದವೂ ಉಂಟು. ಎರಡನ್ನೂ ತೆರೆದಿಟ್ಟೇ ಅಂಟಿಸಿದರೆ ಅಡಿಗೆಮನೆಯ ಪ್ರಶ್ನೆಗೆ ಉತ್ತರವೂ ಸಿಕ್ಕಂತಾಯಿತು.

ಏಳುವ ಮುಂಚೆ ಚೌಕಟ್ಟಿನಲ್ಲಿ ಎಷ್ಟು ಭಾಗ ಬಿಡಿಸಿದಿರಿ, ವಿಮಾನಕ್ಕೆ ಎಷ್ಟು ಸೇರಿತು ಎಂದು ಎಣಿಸಿ. ಎಣಿಕೆ ತಪ್ಪಿದರೆ ಉಳಿದದ್ದು ನೆಲದ ಮೇಲಿದೆ, ಮತ್ತು ಅಂಬೆಗಾಲಿಡುವ ಕೂಸು ನಿಮಗಿಂತ ಮೊದಲು ಅದನ್ನು ಹುಡುಕೀತು. ಹಿತ್ತಾಳೆ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಪೊರಕೆಯ ಕಡ್ಡಿಗಳ ನಡುವೆ ಜಾರಿಹೋಗುತ್ತದೆ. ಚಪಾತಿಗೆ ಕಲಸಿದ ಹಿಟ್ಟಿನಲ್ಲಿ ಒಂದು ಉಂಡೆಯನ್ನು ಕೇಳಿ ಪಡೆದು ಮೇಜಿನ ಸುತ್ತ ನೆಲಕ್ಕೆ ಒತ್ತುತ್ತ ಬನ್ನಿ. ಆ ಉಂಡೆಯನ್ನು ಮಾತ್ರ ಮರಳಿ ಅಡಿಗೆಮನೆಗೆ ಕೊಡಬೇಡಿ.